ಭಾನುವಾರದ ಚಿಕ್ಕಮ್ಮ

"ಸೆಟ್ಕೊಂಡು ನಿಂತ್ಕೋಬೇಡ್ವೇ! ಒನಕೆಗೆ ಸೀರೆ ಸುತ್ತಿದ ಹಾಗಿದೆ. ಹೊಟ್ಟೆ ಒಳಗೆ ತಗೋ. ಹೊಟ್ಟೆ, ಹೊಟ್ಟೆ!"

ರುಕ್ಮಿಣಿ ನೆರಿಗೆಯ ಕಟ್ಟನ್ನು ಎರಡೇ ಬೆರಳಿನಲ್ಲಿ ರಾಚಮ್ಮನ ಸೊಂಟಕ್ಕೆ ಸಿಕ್ಕಿಸಿ, ಕೈಯನ್ನು ಥಟ್ಟನೆ ಹಿಂದಕ್ಕೆಳೆದು, ಮೇಜಿನ ಮೇಲಿದ್ದ ಒದ್ದೆ ಟಿಶ್ಯೂವಿನಿಂದ ಒರೆಸಿಕೊಂಡರು. ಸೀರೆ ಮೈಸೂರು ರೇಷ್ಮೆ, ನಶ್ಯದ ಬಣ್ಣ, ಹಸಿರು ಅಂಚು. ಹೋದ ವರ್ಷ ತೀರಿಕೊಂಡ ಅತ್ತೆ ಕಾತ್ಯಾಯಿನಮ್ಮನವರದು.

"ಎಲ್ಲಾದ್ರೂ ಸಿಕ್ಕಿಸ್ಕೊಂಡು ಹರಿದೀಯ, ಹುಷಾರು. ನಾಳೆ ಇದನ್ನ ಡ್ರೈಕ್ಲೀನ್‌ಗೆ ಕೊಡ್ಬೇಕು. ಹಾಗೇ ಬೀರುವಿಗೆ ಇಡಕ್ಕಾಗತ್ತಾ?"

"ಸೀರೆ ಕೊಡಿ ಅಂತ ನಾ ಕೇಳಿದ್ನ ಅಮ್ಮೋರೆ?"

"ಎದುರುತ್ತರ ಬೇರೆ! ಕೈ ಎತ್ತು." ರುಕ್ಮಿಣಿ ಸೆಂಟಿನ ಸೀಸೆ ತೆಗೆದು ರಾಚಮ್ಮನ ಎರಡೂ ಕಂಕುಳಿಗೆ, ಕುತ್ತಿಗೆಗೆ, ಕೊನೆಗೆ ತಲೆಗೂ ಹೊಡೆದರು. "ಈರುಳ್ಳಿ ನಾತ. ಏನು ಹಾಕಿದ್ರೂ ಹೋಗಲ್ಲ."

ಬಾಗಿಲಲ್ಲಿ ಮಧುಕರ ಬಂದು ನಿಂತರು. ಸ್ವಾಹಿಲಿ ಮಾತಾಡುವ ಈ ಪರದೇಶದ ಊರಲ್ಲಿ, ಎಂಬಕಸಿಯ ಔಷಧಿ ಕಾರ್ಖಾನೆಯೊಂದಕ್ಕೆ ಜನರಲ್ ಮ್ಯಾನೇಜರು. ಪಂಗಾನಿ ಬಡಾವಣೆಯ ಈ ಹಳೆಯ ಬಂಗಲೆ ಕಾರ್ಖಾನೆಯವರೇ ಕೊಟ್ಟದ್ದು. ಅವರು ರಾಚಮ್ಮನನ್ನು ಮೇಲಿಂದ ಕೆಳಗೆ ನೋಡಿದರು, ಮಾಲು ಸರಿಯಾಗಿ ಪ್ಯಾಕ್ ಆಗಿದೆಯೇ ಎಂದು ನೋಡುವವರ ಹಾಗೆ.

"ನೀನು ಯಾರು?"

"ನಿಮ್ ಚಿಕ್ಕಮ್ಮ ಬುದ್ಧಿ."

"ಬುದ್ಧಿ ಅಂತೀಯಲ್ಲೇ ಮುಂಡೇದೆ! ಚಿಕ್ಕಮ್ಮ ಆದೋಳು ಬುದ್ಧಿ ಅಂತಾಳಾ? ಮಧು ಅನ್ನು. ಯಾರ ತಂಗಿ?"

"ದೊಡ್ಡಮ್ಮೋರ ತಂಗಿ."

"ಅಕ್ಕ ಅನ್ನು. ನಮ್ಮಕ್ಕ ಕಾತ್ಯಾಯಿನಿ ಅನ್ನು."

"ನಮ್ಮಕ್ಕ," ಎಂದಳು ರಾಚಮ್ಮ. ಮುಂದಿನ ಹೆಸರು ಬಾಯಿಗೆ ಬರಲಿಲ್ಲ.

"ಬೇಡ ಬಿಡಿ," ಎಂದರು ರುಕ್ಮಿಣಿ. "ಇವಳಿಗೆ ಇಂಗ್ಲಿಷ್ ಬರಲ್ಲ, ಇವತ್ತು ಬರೋ ಆ ಗ್ಲೋರಿಯಾಗೆ ಕನ್ನಡ ಬರಲ್ಲ. ಬಾಯಿ ಮುಚ್ಕೊಂಡು ಕೂತಿದ್ರೆ ಸಾಕು. ಕೇಳಿಸ್ತೇನೇ? ಕಪ್ಪು ಖಾಲಿ ಆಯ್ತು ಅಂತ ಏಳಬಾರ್ದು. ಸೆರಗಲ್ಲಿ ಮೂಗು ಒರೆಸ್ಬಾರ್ದು."

ಮಧುಕರ ಬೆರಳು ಮಡಿಸಿದರು. "ಇನ್ನೊಂದು ನೆನಪಿಟ್ಕೋ. ಆ ಕಾಗದಕ್ಕೆ ನೀನೂ ಹೆಬ್ಬೆಟ್ಟು ಒತ್ತಿದ್ದೀಯ. ಸುಳ್ಳು ಅಂತ ಗೊತ್ತಾದ್ರೆ ಮೊದಲು ಒಳಗೆ ಹೋಗೋಳು ನೀನು. ಇಲ್ಲಿನ ಜೈಲು ನೋಡಿಲ್ಲ ನೀನು."

ಕಾಗದದ ಕಥೆ ಇಷ್ಟೇ. ನಾಲ್ಕು ವರ್ಷದ ಹಿಂದೆ ಕಾತ್ಯಾಯಿನಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಮೈಸೂರಿನ ಒಂದು ಏಜೆನ್ಸಿಯವರು ಕೊಳ್ಳೇಗಾಲದ ರಾಚಮ್ಮನನ್ನು ಗೊತ್ತು ಮಾಡಿಕೊಟ್ಟರು. ರೇಷ್ಮೆ ನೂಲು ಬಿಚ್ಚುವ ಶೆಡ್ಡು ಮುಚ್ಚಿ ಅವಳು ಮನೆಯಲ್ಲಿ ಕೂತಿದ್ದಳು. ಗಂಡ ಸತ್ತಿದ್ದ, ಮಗಳು ವಿಜಿ ಓದುತ್ತಿದ್ದಳು. ಮನೆಗೆಲಸದವಳು ಎಂದು ಬರೆದರೆ ಪರ್ಮಿಟ್ಟು ಸಿಗುವುದು ಕಷ್ಟ ಎಂದು ಮಧುಕರರಿಗೆ ಯಾರೋ ಹೇಳಿದರು. ಮೈಸೂರಿನ ನೋಟರಿಯ ಮುಂದೆ ಒಂದು ಕಾಗದ ತಯಾರಾಯಿತು: ಈಕೆ ಮಧುಕರರ ತಾಯಿಯ ಸ್ವಂತ ತಂಗಿ, ವಿಧವೆ, ಬೇರೆ ದಿಕ್ಕಿಲ್ಲ, ಅವರ ಆಶ್ರಯದಲ್ಲಿರುವವಳು. ಹೀಗೆ ಕೇರಿಯ ರಾಚಮ್ಮ ಕಾಗದದಲ್ಲಿ ಅಗ್ರಹಾರದವಳಾಗಿ ವಿಮಾನ ಹತ್ತಿದಳು. ಮನೆಯಲ್ಲಿ ಅವಳ ತಟ್ಟೆ ಲೋಟ ಹಿತ್ತಲ ನಲ್ಲಿಯ ಕೆಳಗಿದ್ದವು. "ನಾವು ಜಾತಿಗೀತಿ ನೋಡೋರಲ್ಲ ರಾಚಮ್ಮ, ಇದು ಹೈಜೀನ್ ಅಷ್ಟೇ," ಎಂದಿದ್ದರು ರುಕ್ಮಿಣಿ.

ಕಾತ್ಯಾಯಿನಮ್ಮ ಮಾತ್ರ, ಸುತ್ತಮುತ್ತ ಯಾರೂ ಇಲ್ಲದಾಗ, ಆಡುತ್ತಿದ್ದ ಒಂದು ಕೈಯಿಂದ ಹಾಸಿಗೆಯ ತುದಿ ತಟ್ಟಿ, "ಕೂತ್ಕೊಳ್ಳೇ, ಎಷ್ಟು ನಿಲ್ತೀಯ," ಅನ್ನುತ್ತಿದ್ದರು. ತಮ್ಮ ಬಿಸ್ಕತ್ತಿನಲ್ಲಿ ಅರ್ಧ ಮುರಿದು ದಿಂಬಿನ ಕೆಳಗಿಟ್ಟಿರುತ್ತಿದ್ದರು. ಹೆಜ್ಜೆ ಸಪ್ಪಳ ಕೇಳಿದರೆ ಅವರೇ, "ಏಳು ಏಳು," ಎಂದು ಎಬ್ಬಿಸುವರು. ಮೂರು ವರ್ಷ ಆ ಮೈಯನ್ನು ಮಗುವಿನಂತೆ ತೊಳೆದವಳು ರಾಚಮ್ಮ. ಜೀವ ಹೋದಾಗ ಕಣ್ಣು ಮುಚ್ಚಿದವಳೂ ಅವಳೇ. ಹತ್ತು ನಿಮಿಷದಲ್ಲಿ ಭಟ್ಟರು ಬಂದರು. "ಹೆಣ ಮುಟ್ಟಬೇಡ, ಹೊರಗೆ ಹೋಗು," ಎಂದು ಮಧುಕರ ಅವಳನ್ನು ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿದರು. ಸಂಜೆಯವರೆಗೆ ಅಲ್ಲೇ ನಿಂತಿದ್ದಳು. ಗೇಟಿನ ಕಾವಲುಗಾರ ವಾಂಜಾಲಾ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು, "ಕೇಟಿ, ಮಾಮಾ," ಎಂದ. ಸ್ವಾಹಿಲಿಯಲ್ಲಿ ಕೂತ್ಕೋ ಅಮ್ಮ ಎಂದು ಅರ್ಥ. ಅಷ್ಟು ಹೊತ್ತಿಗೆ ಅವಳಿಗೆ ಅವನ ಮಾತೆಲ್ಲ ಅರ್ಥವಾಗುತ್ತಿತ್ತು. ಬೆಳಿಗ್ಗೆ ಗೇಟಿನ ಮುಂದೆ ಗುಡಿಸುವಾಗ ಅವನು ದಿನಕ್ಕೆ ನಾಲ್ಕು ಮಾತು ಕಲಿಸುತ್ತಿದ್ದ. ತಪ್ಪು ಹೇಳಿದರೆ ನಗುತ್ತಿರಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳುತ್ತಿದ್ದ.

ದೊಡ್ಡಮ್ಮ ಹೋದಮೇಲೆ ಊರಿಗೆ ಕಳಿಸುತ್ತಾರೆ ಎಂದುಕೊಂಡಳು. "ವರ್ಷಾಂತಿಕ ಮುಗೀಲಿ," ಎಂದರು. ವರ್ಷಾಂತಿಕ ಮುಗಿಯಿತು. "ಈ ದೇಶದಲ್ಲಿರೋ ಪಾಸು ರಿನ್ಯೂ ಆಗ್ಲಿ, ಆಮೇಲೆ ನೋಡೋಣ," ಎಂದರು. ಈ ನಡುವೆ ವಿಜಿಗೆ ಮದುವೆಯಾಗಿತ್ತು, ಎರಡು ಬಸಿರು ಕಳೆದಿತ್ತು. ಮೂರನೆಯದು ನಿಂತಿದೆ. ಮುಂದಿನ ತಿಂಗಳು ದಿನ. "ಅವ್ವ, ನೀ ಬರ್ದೆ ಇದ್ರೆ ನಾ ಉಳ್ಯಲ್ಲ ಕನವ್ವ," ಎಂದು ಫೋನಿನಲ್ಲಿ ಅಳುತ್ತಾಳೆ. ರಾಚಮ್ಮನ ಪಾಸ್‌ಪೋರ್ಟು ಮಧುಕರರ ಬೀರುವಿನಲ್ಲಿದೆ. ಬೀರುವಿನ ಕೀ ಮಧುಕರರ ಪ್ಯಾಂಟಿನ ಜೇಬಿನಲ್ಲಿದೆ.

ಈ ಭಾನುವಾರದ ಗಡಿಬಿಡಿಗೆ ಕಾರಣ ರುಕ್ಮಿಣಿಯವರ ಸಿನಿಮಾ ಬಳಗ. ಅವರು ಕಾಲೇಜಿನಲ್ಲಿ ಸಾಹಿತ್ಯ ಕಲಿಸುವವರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವರ ಹಾಲಿನಲ್ಲಿ ಪರದೆ ಎಳೆದು, ಗೋಡೆಯ ಮೇಲೆ ಸಿನಿಮಾ ಬಿಟ್ಟು, ಆಮೇಲೆ ಚರ್ಚೆ. ಈ ಸಲದ ವಿಷಯ 'ಇಂದಿನ ಸ್ಪ್ಯಾನಿಷ್ ಭಾಷೆಯ ಸಿನಿಮಾ: ಸಾಮಾಜಿಕ ಕಾಳಜಿಗಳು'. ಹಳೆಯ ವಿದ್ಯಾರ್ಥಿನಿ ಗ್ಲೋರಿಯಾ ಅದರ ಪ್ರಕಟಣೆ ನೋಡಿ, ನಾನೂ ಬರಲೇ ಮೇಡಂ, ಎಂದು ಬರೆದಿದ್ದಳು. ಬಾ ಬಾ ಎಂದು ಉತ್ತರಿಸಿಯೂ ಆಗಿತ್ತು. ಎರಡನೆಯ ಪತ್ರದಲ್ಲಿ ಅವಳು, ನಾನೀಗ ಇಮಿಗ್ರೇಷನ್‌ನಲ್ಲಿದ್ದೇನೆ, ನಿಮ್ಮ ಮನೆಯ ಹಿರಿಯರೊಬ್ಬರ ಪಾಸಿನ ಫೈಲು ನನ್ನ ಮೇಜಿಗೇ ಬಂದಿದೆ, ಚಿಕ್ಕಮ್ಮನನ್ನೂ ನೋಡಿದಂತಾಯಿತು, ಎಂದು ಬರೆದಳು. ಆ ರಾತ್ರಿ ಗಂಡಹೆಂಡಿರು ಊಟ ಮಾಡಲಿಲ್ಲ.

ಮೂರು ಗಂಟೆಗೆ ಬಳಗ ಸೇರಿತು. ಎಲ್ಲರೂ ರಾಚಮ್ಮನ ಕೈಯಿಂದ ಚಹಾ ಕುಡಿದವರೇ. ಎಲ್ಲರಿಗೂ ಮೊದಲೇ ಫೋನು ಹೋಗಿತ್ತು. ಸೋಫಾದ ನಟ್ಟನಡುವೆ ರೇಷ್ಮೆಯಲ್ಲಿ ಕೂತ ರಾಚಮ್ಮನನ್ನು ನೋಡಿ ಒಬ್ಬೊಬ್ಬರೂ ತುಟಿ ಕಚ್ಚಿಕೊಂಡರು.

"ನಮಸ್ಕಾರ ಚಿಕ್ಕಮ್ಮೋರೆ!" ನಿವೃತ್ತ ಇಂಜಿನಿಯರ್ ಶ್ರೀನಿವಾಸ್ ಕೈ ಮುಗಿದರು. "ಕ್ಷೇಮವೇ? ತಮ್ಮದು ಯಾವ ಗೋತ್ರ?"

ಹಾಲಿನ ತುಂಬ ನಗೆ. ಅಷ್ಟರಲ್ಲೇ ಬಂದು ಕೂತಿದ್ದ ಗ್ಲೋರಿಯಾ, ಏನೋ ಮನೆಯವರ ತಮಾಷೆ ಎಂದು ತಾನೂ ನಕ್ಕಳು. ದುಂಡು ಮುಖದ, ಮೂವತ್ತೈದರ ಹೆಂಗಸು. ಬರುವಾಗ ಚಿಕ್ಕಮ್ಮನಿಗೆಂದು ಒಂದು ಚೀಲ ಕಿತ್ತಳೆ ತಂದಿದ್ದಳು.

"ಹೇಳಿ ಚಿಕ್ಕಮ್ಮ, ನಾಚ್ಕೋಬೇಡಿ. ಸಂಧ್ಯಾವಂದನೆ ಆಯ್ತೋ?"

"ಸಾಕು ಮಾಡಿ ಶ್ರೀನಿವಾಸ್," ಎಂದಳು ಡಾಕ್ಟರ್ ಲವೀನಾ. ಮಂಗಳೂರು ಕಡೆಯವಳು, ಮಿತಭಾಷಿ. ಸೋಫಾದ ತುದಿಗೆ ಜಾರಿ ಕೂತಿದ್ದ ರಾಚಮ್ಮನ ಬೆನ್ನ ಹಿಂದೆ ಒಂದು ದಿಂಬು ಸರಿಸಿದಳು. ಅಷ್ಟೇ ಮಾಡಿದಳು. ಆಮೇಲೆ ಅವಳೂ ಗೋಡೆಯ ಕಡೆ ತಿರುಗಿದಳು.

ಸಿನಿಮಾ ಶುರುವಾಯಿತು. ಸ್ಪೇನಿನ ದಕ್ಷಿಣದಲ್ಲಿ ಎಲ್ಲೋ, ಕಣ್ಣು ಹಾಯುವವರೆಗೂ ಪ್ಲಾಸ್ಟಿಕ್ ಚಪ್ಪರ, ಅದರ ಕೆಳಗೆ ಸ್ಟ್ರಾಬೆರಿ. ಬೇರೆ ದೇಶದಿಂದ ಬಂದ ಹೆಂಗಸರು ಸಾಲಾಗಿ ಬಗ್ಗಿ ಹಣ್ಣು ಕೀಳುತ್ತಾರೆ. ಆ ಭಾಷೆ ರಾಚಮ್ಮನಿಗೆ ತಿಳಿಯದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರವೂ ತಿಳಿಯದು. ಆದರೆ ಬಗ್ಗಿದ ನಡುವನ್ನು ಎತ್ತುವಾಗ ಅವರಲ್ಲೊಬ್ಬಳು ಮೊಣಕಾಲಿಗೆ ಕೈ ಊರಿದ್ದು ನೋಡಿ ಅವಳ ನಡುವೂ ಒಮ್ಮೆ ಹಿಡಿದುಕೊಂಡಿತು. ಆ ಹೆಂಗಸಿನ ಬೆರಳ ತುದಿಗಳು ಕೆಂಪಗೆ ಬಿರಿದಿದ್ದವು. ಕುದಿಯುವ ನೀರಲ್ಲಿ ಗೂಡು ತಡಕಿ ಎಳೆ ಹಿಡಿಯುತ್ತಿದ್ದ ಕಾಲದಲ್ಲಿ ತನ್ನ ಬೆರಳೂ ಹಾಗೇ ಇದ್ದವು. ಈಗ ಅವನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳಬೇಕೆಂದು ಅಪ್ಪಣೆಯಾಗಿತ್ತು.

ಸಿನಿಮಾದ ಹೆಂಗಸು ತೋಟದ ಯಜಮಾನನ ಜೀಪಿನ ಹತ್ತಿರ ಹೋಗಿ ಕೈಯೊಡ್ಡುತ್ತಾಳೆ. ಅವನು ಒಂದು ಡಬ್ಬಿ ತೆರೆದು ಕಾಗದಗಳನ್ನು ತೋರಿಸಿ, ಮತ್ತೆ ಮುಚ್ಚಿ, ಚಪ್ಪರದ ಕಡೆ ಬೊಟ್ಟು ಮಾಡುತ್ತಾನೆ. ಹಣ್ಣು ಮುಗಿಯಲಿ. ಆಕೆ ಹಿಂದಿರುಗುತ್ತಾಳೆ. ಮುಂದಿನ ವಾರ ಮತ್ತೆ ಕೈಯೊಡ್ಡುತ್ತಾಳೆ. ಅವನು ಮತ್ತೆ ಬೊಟ್ಟು ಮಾಡುತ್ತಾನೆ. ಬಳಗದವರು ಮೂಗು ಸೇದುತ್ತಿದ್ದರು. ರಾಚಮ್ಮ ಗೊಳ್ಳನೆ ನಕ್ಕುಬಿಟ್ಟಳು.

ರುಕ್ಮಿಣಿ ಕತ್ತಲಲ್ಲಿ ಅವಳ ತೊಡೆಯನ್ನು ಚಿವುಟಿ ತಿರುವಿದರು. "ಏನೇ ಹಲ್ಲು ಕಿಸಿತೀಯ? ಕಲ್ಲು! ಕಲ್ಲು ಹೃದಯ ನಿಮ್ಮೋರ್ದು."

ಚಿತ್ರ ಮುಗಿದಾಗ ರುಕ್ಮಿಣಿಯ ಕಣ್ಣು ಕೆಂಪಾಗಿತ್ತು. ಕೊನೆಯ ದೃಶ್ಯವನ್ನು ಗೋಡೆಯ ಮೇಲೆ ನಿಲ್ಲಿಸಿ, ಅದರ ಬೆಳಕಿನಲ್ಲೇ ಎದ್ದು ನಿಂತು ಮಾತಾಡಿದರು. ಗ್ಲೋರಿಯಾಗಾಗಿ ಇಂಗ್ಲಿಷಿನಲ್ಲಿ, ನಡುನಡುವೆ ಮನೆಯವರಿಗಾಗಿ ಕನ್ನಡದಲ್ಲಿ.

"ಸ್ಪೇನ್, ಚಿಲಿ, ಮೆಕ್ಸಿಕೋ, ಅರ್ಜೆಂಟೀನಾ, ಎಲ್ಲಾ ಕಡೆ ಹೊಸ ನಿರ್ದೇಶಕರು ಕೇಳ್ತಿರೋ ಪ್ರಶ್ನೆ ಒಂದೇ. ಈ ಮನೆ ಯಾರದು? ಇದನ್ನ ಗುಡಿಸೋಳಿಗೆ ಇದರೊಳಗೆ ಜಾಗ ಎಲ್ಲಿ? ಆ ಡಬ್ಬಿ ನೋಡಿದ್ರಲ್ಲ? ಒಬ್ಬ ಹೆಣ್ಣಿನ ಐಡೆಂಟಿಟಿ ಇನ್ನೊಬ್ಬನ ಡಬ್ಬೀಲಿ! ಇದು ಹಳೇ ಗುಲಾಮಗಿರಿಯ ಹೊಸ ರೂಪ."

"ಬ್ರಿಲಿಯಂಟ್," ಎಂದರು ಶ್ರೀನಿವಾಸ್. "ನನಗಂತೂ ಗಂಟಲು ಕಟ್ಟಿತು."

"ಇವು ದುಡಿಯೋರನ್ನ ಕರುಣೆಯಿಂದ ನೋಡೋ ಸಿನಿಮಾ ಅಲ್ಲ. ಅವರ ಮೌನವನ್ನ ಕೇಳಿಸ್ಕೊಳ್ಳೋ ಸಿನಿಮಾ."

ಮಾತು ಮುಗಿದು ಚಹಾದ ಹೊತ್ತಾಯಿತು. ಯಾರೂ ಏಳಲಿಲ್ಲ. ಒಂದು ಕ್ಷಣ ಎಲ್ಲರ ಕಣ್ಣೂ ಅಭ್ಯಾಸದಂತೆ ರಾಚಮ್ಮನ ಕಡೆ ಹೋಯಿತು. ಅವಳೂ ಅಭ್ಯಾಸದಂತೆ ಎದ್ದಳು. ಹಿಂದೆ ನಿಂತಿದ್ದ ಮಧುಕರ ಅವಳ ಹೆಗಲ ಮೇಲೆ ಕೈಯಿಟ್ಟು, "ಚಿಕ್ಕಮ್ಮ, ನೀವು ಕೂತ್ಕೊಳಿ," ಎಂದು ಒತ್ತಿ ಕೂರಿಸಿದರು. ಬೆರಳುಗಳು ಮೂಳೆಗೆ ಇಳಿದವು. ರುಕ್ಮಿಣಿಯೇ ಅಡುಗೆಮನೆಗೆ ಹೋದರು. ಹಾಲು ಉಕ್ಕಿದ ವಾಸನೆ ಬಂತು, ಒಂದು ಕಪ್ಪು ಒಡೆದ ಸದ್ದು ಬಂತು. ಚಹಾ ಬಂದಾಗ ಮೊದಲ ಕಪ್ಪು, ಬಂಗಾರದ ಅಂಚಿನ ಪಿಂಗಾಣಿ ಕಪ್ಪು, ಹಿರಿಯಳಿಗೇ ಕೊಡಬೇಕಾಯಿತು. ರಾಚಮ್ಮ ಅದನ್ನು ಸಾವಿರ ಸಲ ತೊಳೆದಿದ್ದಳು. ತುಟಿಗೆ ಇಟ್ಟದ್ದು ಅದೇ ಮೊದಲು. ಸಕ್ಕರೆ ಹಾಕಿರಲಿಲ್ಲ.

ಗ್ಲೋರಿಯಾ ತನ್ನ ಕುರ್ಚಿಯನ್ನು ಸೋಫಾದ ಹತ್ತಿರಕ್ಕೆ ಎಳೆದುಕೊಂಡಳು. "ಮೇಡಂ, ಮನೆಗೆ ಹೋದರೆ ಹಿರಿಯರ ಕಾಲು ಮುಟ್ಟಿ ಆಶೀರ್ವಾದ ಪಡೆಯುವುದು ನಿಮ್ಮ ಪದ್ಧತಿ ಅಂತ ಕ್ಲಾಸಿನಲ್ಲಿ ಹೇಳಿದ್ದಿರಿ. ನಾನು ಮರೆತಿಲ್ಲ." ಅಷ್ಟು ಹೇಳಿ, ಯಾರೂ ತಡೆಯುವ ಮೊದಲೇ, ಬಗ್ಗಿ ರಾಚಮ್ಮನ ಪಾದ ಮುಟ್ಟಿದಳು. ಬಿರುಕು ಬಿಟ್ಟ ಹಿಮ್ಮಡಿಯ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತವು. ಎದ್ದು, ಫೋನು ಹಿಡಿದು, "ಸರ್, ಮೇಡಂ, ನೀವೂ ಮಾಡಿ. ಒಂದು ಫೋಟೋ ತೆಗೆಯುತ್ತೇನೆ," ಎಂದಳು.

ಶ್ರೀನಿವಾಸ್ ಚಹಾದ ಕಪ್ಪಿನೊಳಗೆ ನೋಡತೊಡಗಿದರು.

ಮಧುಕರ ಮೊದಲು ಬಗ್ಗಿದರು, ಅವಳ ಮೊಣಕಾಲಿಗಷ್ಟೇ ಕೈ ತಾಗಿಸಿ ಎದ್ದರು. ರುಕ್ಮಿಣಿ ಬಗ್ಗಿದರು. ಆ ತಲೆಗೆ ಹದಿನೈದು ದಿನಕ್ಕೊಮ್ಮೆ ಬಣ್ಣ ಹಚ್ಚುವವಳು ರಾಚಮ್ಮ. ಕೈಗೆ ಗ್ಲೌಸು ಹಾಕಿಕೊಂಡು, ಬಣ್ಣದಿಂದ ಕೈಯನ್ನು ಕಾಯಲು ಅಲ್ಲ, ಕೈಯಿಂದ ತಲೆಯನ್ನು ಕಾಯಲು. ಈಗ ಅವಳು ಬರಿಗೈಯನ್ನೇ ಆ ನೆತ್ತಿಯ ಮೇಲೆ ಇಟ್ಟಳು. ರುಕ್ಮಿಣಿಯ ಬೆನ್ನು ಜುಮ್ಮೆಂದು ನಡುಗಿದ್ದು ಅಂಗೈಗೆ ತಿಳಿಯಿತು. ಕೈ ತೆಗೆಯಲಿಲ್ಲ.

"ನೂರ್ ಕಾಲ ಬಾಳವ್ವ," ಎಂದಳು.

ಆಮೇಲೆ ಗ್ಲೋರಿಯಾಳ ಕಡೆ ತಿರುಗಿ, ಗೇಟಿನ ಮುಂದೆ ಪೊರಕೆ ಹಿಡಿದು ಕಲಿತ ಮಾತಿನಲ್ಲಿ, ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿಟ್ಟು ಹೇಳಿದಳು: "ನಟಾಕಾ ಕ್ವೆಂಡಾ ನ್ಯುಂಬಾನಿ." ನಾನು ಮನೆಗೆ ಹೋಗಬೇಕು.

ರುಕ್ಮಿಣಿ ಬಗ್ಗಿದವರು ಬಗ್ಗಿಯೇ ಉಳಿದರು. ಈ ಊರಿನಲ್ಲಿ ಇಪ್ಪತ್ತೆರಡು ವರ್ಷವಾಗಿದ್ದರೂ ಅವರ ಸ್ವಾಹಿಲಿ ತಾ, ಹೋಗು, ಬೇಗ ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಆ ಭಾಷೆಯಲ್ಲಿ ಯಾರಾದರೂ ಏನಾದರೂ ಕೇಳಬಹುದು ಎಂಬುದು ಅವರ ತಲೆಗೆ ಬಂದೇ ಇರಲಿಲ್ಲ.

ಗ್ಲೋರಿಯಾಳ ಮುಖ ಅರಳಿತು. "ಅಯ್ಯೋ ಮಾಮಾ, ನಿಮಗೆ ಎಷ್ಟು ಚೆನ್ನಾಗಿ ಬರುತ್ತೆ! ಯಾವಾಗ ಹೋಗಬೇಕು?"

"ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಎರಡು ಸಲ ಹೋಗಿದೆ. ನಾನು ಇರಬೇಕು."

"ಮತ್ತೆ ಇನ್ನೆರಡು ವರ್ಷಕ್ಕೆ ಪಾಸು ಕೇಳಿದ್ದಾರಲ್ಲ? ನೀವೇ ಒತ್ತಿದ ಗುರುತಿದೆ."

"ನಾನು ಕೇಳಿಲ್ಲ. ಹೆಬ್ಬೆಟ್ಟು ಕೇಳಿದರು, ಕೊಟ್ಟೆ."

ಗ್ಲೋರಿಯಾ ಮಧುಕರರ ಕಡೆ ನೋಡಿದಳು. ನಗು ಇನ್ನೂ ಇತ್ತು, ಸ್ವಲ್ಪ ಕಡಿಮೆಯಾಗಿತ್ತು. "ಸರ್, ಇವರ ಪಾಸ್‌ಪೋರ್ಟು ಒಮ್ಮೆ ನೋಡಬಹುದೇ?"

"ಅದು ಬ್ಯಾಂಕ್ ಲಾಕರ್‌ನಲ್ಲಿದೆ, ಅಪ್ಪರ್ ಹಿಲ್‌ನಲ್ಲಿ. ಇವತ್ತು ಭಾನುವಾರ, ಹಾಗಾಗಿ..." ಇಂಗ್ಲಿಷಿನಲ್ಲಿ ಅಷ್ಟು ಹೇಳಿ, ಅದೇ ನಗುಮುಖದಲ್ಲಿ ಕನ್ನಡಕ್ಕೆ ಹೊರಳಿದರು. "ಬಾಯಿ ಮುಚ್ಚೇ ಲೌಡಿ. ಹೂತು ಹಾಕಿಬಿಡ್ತೀನಿ ಇಲ್ಲೇ."

"ಲಾಕರ್ ಯಾಕಪ್ಪ ಮಧು," ಎಂದಳು ರಾಚಮ್ಮ. ಆ ಹೆಸರು ಈಗ ಸರಾಗವಾಗಿ ಬಂತು. "ನಿನ್ ರೂಮಿನ ಬೀರುಲಿ ಅದೆ, ಮೇಲ್ಗಡೆ ಅರೇಲಿ. ವಾರ ವಾರ ನಿನ್ ಕಣ್ಮುಂದೇನೇ ಧೂಳು ಒರಸೋಳ್ಗೆ ಕಾಣಕಿಲ್ವ? ಕೀ ನಿನ್ ಜೇಬಲ್ಲೇ ಅದೆ. ಹೋಗು ಮಗ, ತಕಬಾ. ದೊಡ್ಡೋರು ಹೇಳಿದ್ರೆ ಕೇಳ್ಬೇಕು." ಆಮೇಲೆ ಗ್ಲೋರಿಯಾಗೆ ಅವಳ ಭಾಷೆಯಲ್ಲಿ: "ಮನೆಯಲ್ಲೇ ಇದೆ. ಹುಡುಗ ಮರೆತಿದ್ದಾನೆ. ತರುತ್ತಾನೆ."

ಹುಡುಗನಿಗೆ ಐವತ್ತನಾಲ್ಕು ವರ್ಷ. ಅವನು ಹೋದ. ಬೀರು ತೆರೆದ ಸದ್ದು, ಮುಚ್ಚಿದ ಸದ್ದು ಹಾಲಿಗೆ ಕೇಳಿತು. ನೀಲಿ ಪುಸ್ತಕ ತಂದು ಕೊಟ್ಟ. ಗ್ಲೋರಿಯಾ ಹಾಳೆ ತಿರುವಿ ನೋಡಿ, ಮುಚ್ಚಿ, ಎರಡೂ ಕೈಯಿಂದ ಅದನ್ನು ರಾಚಮ್ಮನ ಮಡಿಲಿಗೆ ಇಟ್ಟಳು. "ಇದು ನಿಮ್ಮದು ಮಾಮಾ. ನಿಮ್ಮ ಹತ್ತಿರವೇ ಇರಬೇಕು. ನಾಳೆ ನಾನೇ ಬಂದು ಕಾಗದದ ಕೆಲಸ ಮುಗಿಸಿಕೊಡುತ್ತೇನೆ." ರಾಚಮ್ಮ ಅದನ್ನು ರವಿಕೆಯೊಳಗೆ ಇಳಿಸಿದಳು. ನಾಲ್ಕು ವರ್ಷದಲ್ಲಿ ಅದನ್ನು ಅವಳು ಮುಟ್ಟಿದ್ದು ಇದೇ ಮೊದಲು.

ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು. ಚಿಕ್ಕಮ್ಮನಾಗಿಯೇ ವಿಮಾನ ಹತ್ತಿ, ಚಿಕ್ಕಮ್ಮನಾಗಿಯೇ ಇಳಿದು, ಬಸ್ಸು ಹಿಡಿದು ಮಗಳ ಹತ್ತಿರ ಹೋಗಬಹುದಿತ್ತು.

ರುಕ್ಮಿಣಿ ಖಾಲಿ ಕಪ್ಪು ತೆಗೆದುಕೊಳ್ಳುವವರಂತೆ ಅವಳ ಕಿವಿಯ ಹತ್ತಿರ ಬಗ್ಗಿದರು. ತುಟಿಯಲ್ಲಿ ನಗು. "ಗೆದ್ದೆ ಅಂದ್ಕೊಂಡ್ಯಾ? ಇವಳು ಗೇಟು ದಾಟ್ಲಿ, ಇದೆ ನಿನಗೆ. ಮೊದ್ಲು ನಮ್ಮತ್ತೆ ಸೀರೆ ಬಿಚ್ಚಿಡು. ಅವರಿದ್ದಿದ್ರೆ ನಿನ್ನ ಮೈ ತಾಗಿದ ಈ ಸೀರೇನ ಸುಟ್ಟು ಹಾಕೋರು. ಮೂರು ವರ್ಷ ನಿನ್ನ ಕೈ ಸೋಕಿ ಸೋಕಿ, ಪಾಪ, ಕೊನೇಲಿ ಅವರಿಗೆ ಪ್ರಾಯಶ್ಚಿತ್ತ ಮಾಡಿಸ್ಬೇಕಾಯ್ತು. ಗೊತ್ತಾ ನಿನಗೆ?"

ಗೊತ್ತಿರಲಿಲ್ಲ.

ರಾಚಮ್ಮ ಎದ್ದಳು. ಹೆಗಲ ಪಿನ್ನು ಕಿತ್ತು ಟೀಪಾಯಿಯ ಮೇಲಿಟ್ಟಳು. ಸೆರಗು ಇಳಿಸಿದಳು. ನೆರಿಗೆಗೆ ಕೈ ಹಾಕಿ ಎಳೆದಳು. ನಶ್ಯದ ರೇಷ್ಮೆ ಸುತ್ತು ಸುತ್ತಾಗಿ ಅವಳ ಕಾಲಬುಡದಲ್ಲಿ ಕುಸಿಯಿತು. ಮಾಸಿದ ಲಂಗ, ತೋಳು ಹರಿದ ರವಿಕೆ, ತೊಡೆಯ ಚಿವುಟಿದ ಜಾಗದಲ್ಲಿ ಒಂದು ಕೈ. ಗೋಡೆಯ ಮೇಲೆ ನಿಂತುಹೋಗಿದ್ದ ಸ್ಟ್ರಾಬೆರಿಯ ಹೊಲ ಈಗ ಅವಳ ಎದೆಯ ಮೇಲೆ, ಬರಿಯ ತೋಳಿನ ಮೇಲೆ ಬಿತ್ತು.

"ತಕ್ಕಳವ್ವ," ಎಂದಳು. "ಸುಟ್ಕೊ."

"ಓ ಮೈ ಗಾಡ್," ಎಂದರು ಯಾರೋ. ಲವೀನಾ ತನ್ನ ದುಪ್ಪಟ್ಟ ತೆಗೆದುಕೊಂಡು ಅರ್ಧ ಎದ್ದಳು. ರಾಚಮ್ಮ ಕೈಯಲ್ಲೇ ಬೇಡವೆಂದಳು.

"ಅವರಿಗೆ ಮೈ ಸರಿಯಿಲ್ಲ," ಎಂದು ಮಧುಕರ ಇಂಗ್ಲಿಷಿನಲ್ಲಿ ಗಡಬಡಿಸಿದರು, "ವಯಸ್ಸಾಗಿದೆ, ಸ್ವಲ್ಪ ಮರೆವು..." ರಾಚಮ್ಮನಿಗೆ ಹಲ್ಲು ಕಚ್ಚಿ ಹೇಳಿದರು: "ಜೈಲು ಕಣೇ. ನಿನ್ನ ಮಗಳ ಹೆಣ ನೋಡಕ್ಕೂ ಸಿಗಲ್ಲ ನಿನಗೆ."

ಗ್ಲೋರಿಯಾ ಎದ್ದು ನಿಂತಿದ್ದಳು. ಮುಖದಲ್ಲಿ ನಗು ಇರಲಿಲ್ಲ. ಕಚೇರಿಯಲ್ಲಿ ಫೈಲು ಮುಂದಿಟ್ಟುಕೊಂಡು ಕೇಳುವ ದನಿಯಲ್ಲಿ, ಸ್ವಾಹಿಲಿಯಲ್ಲಿ ಕೇಳಿದಳು: "ಮಾಮಾ, ನೀವು ಇವರಿಗೆ ಏನಾಗಬೇಕು? ಯೋಚಿಸಿ ಹೇಳಿ. ಹೇಳಿದರೆ ನಾನು ಬರೆದುಕೊಳ್ಳಬೇಕಾಗುತ್ತದೆ. ನಿಮ್ಮ ಹೆಬ್ಬೆಟ್ಟೂ ಅದರಲ್ಲಿದೆ."

"ಗೊತ್ತು," ಎಂದಳು ರಾಚಮ್ಮ.

ಅವಳು ಸೋಫಾದ ನಡುವೆ ಮತ್ತೆ ಕೂತಳು. ಶೆಡ್ಡಿನಲ್ಲಿ ಒಲೆಯ ಮುಂದೆ ಕೂರುತ್ತಿದ್ದ ಹಾಗೆ, ಕಾಲು ಅಗಲಿಸಿ, ಮೊಣಕೈ ತೊಡೆಗೆ ಊರಿ. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಗ್ಲೋರಿಯಾ ಬಂದು ಕೂತಳು. ರವಿಕೆಯೊಳಗಿನ ಪುಸ್ತಕದ ಮೂಲೆ ಎದೆಗೆ ಚುಚ್ಚುತ್ತಿತ್ತು.

"ನಾನು ಕೆಲಸದವಳು," ಎಂದು ಶುರು ಮಾಡಿದಳು.

ಮಧುಕರ ಹೋಗಿ ಪ್ರೊಜೆಕ್ಟರಿನ ತಂತಿ ಕಿತ್ತರು. ಹೊರಗಿನ್ನೂ ಬಿಸಿಲಿದ್ದ ಸಂಜೆ ಐದೂವರೆಗೆ ಹಾಲು ಕಗ್ಗತ್ತಲಾಯಿತು. ಕಿಟಕಿಯ ದಪ್ಪ ಪರದೆ ಸರಿಸಲು ಯಾರೂ ಏಳಲಿಲ್ಲ. ಆ ಮನೆಯಲ್ಲಿ ಅದು ರಾಚಮ್ಮನ ಕೆಲಸ. ಅವಳ ದನಿ ಕತ್ತಲಲ್ಲಿ, ಒಂದೊಂದೇ ಶಬ್ದ ಎತ್ತಿಟ್ಟು, ನಡೆಯುತ್ತಲೇ ಇತ್ತು.